ಯಾರೂ ಬಿತ್ತದ ಈರುಳ್ಳಿ

ಈರುಳ್ಳಿ ಬೀಜ ಮೊಳೆಯುವುದನ್ನು ಕುಕ್ಕರಗಾಲಿನಲ್ಲಿ ಕೂತು ನೋಡದವರಿಗೆ, ಅದು ಮುಂದೆ ಗಿಡವಾಗಲಿದೆ ಎಂದು ಹೊಳೆಯುವುದೇ ಕಷ್ಟ. ಅವರೆ, ಹುರುಳಿ ಎರಡು ಬೇಳೆ ಬಿಚ್ಚಿಕೊಂಡು ಮೇಲೇಳುತ್ತವೆ. ರಾಗಿ ನೆಟ್ಟಗೆ ಮೊನಚಾಗಿ ಏಳುತ್ತದೆ. ಈರುಳ್ಳಿಯದು ಬೇರೆಯೇ ರೀತಿ. ಮಣ್ಣಿನಿಂದ ಮೊದಲು ಹೊರಬರುವುದು ಮೊಳಕೆಯ ತುದಿಯಲ್ಲ, ಮಡಿಚಿದ ಮಂಡಿ. ತಗ್ಗು ಬಾಗಿಲಿನಿಂದ ಬೆನ್ನು ಬಗ್ಗಿಸಿ ಹೊರಗೆ ಬರುವವರ ಹಾಗೆ ತೆಳು ಹಸಿರಿನ ಒಂದು ಕಮಾನು ಮಣ್ಣನ್ನು ಎತ್ತಿಕೊಂಡು ಮೇಲೆ ಬರುತ್ತದೆ. ಕಮಾನಿನ ಒಂದು ಕಾಲು ಬೇರಿನಲ್ಲಿ, ಇನ್ನೊಂದು ಕಾಲು ಇನ್ನೂ ಬೀಜದೊಳಗೆ. ಬೀಜದಲ್ಲಿ ಉಳಿದ ತುದಿಗೆ ಹೊರಬರುವ ಅವಸರವಿಲ್ಲ. ಅಲ್ಲಿ ಕೂಡಿಟ್ಟ ಆಹಾರ ಮುಗಿಯುವವರೆಗೆ ಅದು ಹೀರುತ್ತ ಕೂರುತ್ತದೆ. ಮುಗಿದ ಮೇಲೆ ಕಮಾನು ನಿಧಾನಕ್ಕೆ ನೆಟ್ಟಗಾಗಿ, ತುದಿಯಲ್ಲಿ ಖಾಲಿಯಾದ ಕಪ್ಪು ಸಿಪ್ಪೆಯನ್ನು ಎತ್ತಿ ಹಿಡಿದು ನಿಲ್ಲುತ್ತದೆ. ಗಾಳಿಗೋ ಮಳೆಯ ಹನಿಗೋ ಆ ಸಿಪ್ಪೆ ಉದುರಿತೆಂದರೆ, ಉಳಿಯುವುದು ಹುಲ್ಲಿನ ಎಸಳು ಎಂದು ಯಾರು ಬೇಕಾದರೂ ಕಿತ್ತೆಸೆಯಬಹುದಾದ ಒಂದು ಹಸಿರು ಗೆರೆ.

ಚಿಕ್ಕಬಳ್ಳಾಪುರದ ಕಡೆಯ ನಮ್ಮ ಹಿತ್ತಿಲಲ್ಲಿ ಈ ಕಮಾನುಗಳು ಕಾಣಿಸಿಕೊಂಡದ್ದು ರೋಹಿಣಿ ಮಳೆಯ ಬೆನ್ನಿಗೆ. ಬದನೆ ಸಾಲಿನ ಬುಡದಲ್ಲಿ, ಕೊತ್ತಂಬರಿ ಕಿತ್ತು ಖಾಲಿಯಾದ ಪಾತಿಯಲ್ಲಿ, ನೀರಿನ ಕಾಲುವೆಯ ಏರಿಯ ಮೇಲೆ ಕೂಡ. ಯಾರೂ ಬಿತ್ತಿದ್ದಲ್ಲ. ಆದರೆ ಎಲ್ಲಿಂದ ಬಂದವೆಂದು ಹುಡುಕುವುದು ಕಷ್ಟವಾಗಲಿಲ್ಲ. ಕಾರ್ತಿಕದಲ್ಲಿ ಅಡುಗೆಮನೆಯ ಬುಟ್ಟಿಯಲ್ಲಿ ಮೊಳಕೆ ಬಂದ ಕೆಲವು ಗಡ್ಡೆಗಳನ್ನು, ಸೊಪ್ಪಿಗಾದರೂ ಆಗಲಿ ಎಂದು ಪಾತಿಯ ಅಂಚಿಗೆ ಊರಿದ್ದೆವು. ಈ ಸೀಮೆಯ ಗುಲಾಬಿ ಈರುಳ್ಳಿ ಅದು: ಚಿಕ್ಕದು, ಬುಡ ಚಪ್ಪಟೆ, ಬಣ್ಣ ಕಡುಗೆಂಪು. ಬೆಂಗಳೂರು ಗುಲಾಬಿ ಈರುಳ್ಳಿ ಎಂದು 2015ರಲ್ಲಿ ಜಿಐ ಮಾನ್ಯತೆ ಪಡೆದ ಈ ತಳಿ ಬೆಳೆದ ಊರಿನ ಸಂತೆಗಿಂತ ಹೆಚ್ಚಾಗಿ ಹಡಗು ಹತ್ತಿ ಮಲೇಷ್ಯಾ, ಸಿಂಗಪುರದ ಕಡೆಗೆ ಹೋಗುತ್ತದೆ. ನಮ್ಮ ಬುಟ್ಟಿಯಲ್ಲಿ ಉಳಿದವು ಮಾತ್ರ ಇಲ್ಲೇ ನೆಲಕ್ಕಿಳಿದವು.

ಈರುಳ್ಳಿ ಎರಡು ಹಂತದಲ್ಲಿ ಬದುಕುವ ಗಿಡ. ಮೊದಲ ಬೆಳೆಯಲ್ಲಿ ಗಡ್ಡೆ ಕಟ್ಟಿ ಎಲ್ಲವನ್ನೂ ಅದರೊಳಗೆ ಇಟ್ಟು ಮಲಗುತ್ತದೆ. ಚಳಿ ತಾಕಿದ ಮೇಲೆ ಎದ್ದು, ಇಟ್ಟದ್ದನ್ನೆಲ್ಲ ಹೂವಿಗೆ ಸುರಿಯುತ್ತದೆ. ನಂದಿ ಬೆಟ್ಟದ ಕಡೆಯಿಂದ ಬೀಸುವ ಪುಷ್ಯದ ಚಳಿ ನಮ್ಮ ಗಡ್ಡೆಗಳಿಗೆ ಸಾಕಾಯಿತು. ಟೊಳ್ಳು ದಂಟುಗಳು ಎದ್ದವು. ಒಂದೊಂದರ ತುದಿಯಲ್ಲಿ ತೆಳು ಪೊರೆಯ ಮೊಗ್ಗು, ಅದು ಹರಿದರೆ ಒಳಗೆ ನೂರಾರು ಬಿಳಿ ಹೂ. ಒಂದೊಂದು ಹೂವಿಗೂ ಆರು ಎಸಳು, ಆರು ಕೇಸರ, ಮೂರು ಕೋಣೆಯ ಅಂಡಾಶಯ, ಕೋಣೆಗೆ ಎರಡರಂತೆ ಬೀಜಕ್ಕೆ ಜಾಗ. ಈ ಹೂವಿನ ನಡತೆಯಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಒಂದಿದೆ. ಹೂವಿನ ಗಂಡು ಭಾಗ ಮೊದಲು ಪರಾಗ ಚೆಲ್ಲಿ ಮುಗಿಸುತ್ತದೆ, ಆಮೇಲೆ ಹೆಣ್ಣು ಭಾಗ ಪಕ್ವವಾಗುತ್ತದೆ. ತನ್ನ ಪರಾಗ ತನಗೇ ತಾಕದಿರಲೆಂಬ ಏರ್ಪಾಡು. ಹಾಗಾಗಿ ಒಂದು ಹೂವಿನಿಂದ ಇನ್ನೊಂದಕ್ಕೆ, ಒಂದು ಗಿಡದಿಂದ ಇನ್ನೊಂದಕ್ಕೆ ಓಡಾಡುವವರು ಬೇಕು. ತುಡುವೆ ಜೇನು, ಕೋಲುಜೇನು, ಹೆಸರು ತಿಳಿಯದ ಸಣ್ಣ ನೊಣಗಳು ಬಂದವು. ಈರುಳ್ಳಿ ಮಕರಂದದಲ್ಲಿ ಪೊಟ್ಯಾಸಿಯಂ ಹೆಚ್ಚು. ಬೇರೆ ಹೂ ಸಿಕ್ಕರೆ ಜೇನುಹುಳು ಅತ್ತ ಹೋಗುವುದೇ ಹೆಚ್ಚು. ಆದರೂ ಬಂದವು. ಹಿತ್ತಿಲಲ್ಲಿ ಮೊಳೆತಿರುವ ಒಂದೊಂದು ಸಸಿಯೂ ಹಾಗೆ ಬಂದುಹೋದ ಒಂದು ಹುಳುವಿನ ಕಾಲಿಗೆ ಅಂಟಿದ ಪರಾಗದ ಫಲ.

ಹೂಗುಚ್ಛ ಒಂದೇ ದಿನ ಅರಳುವುದಿಲ್ಲ, ವಾರಗಟ್ಟಲೆ ಅರಳುತ್ತ ಹೋಗುತ್ತದೆ. ಆದ್ದರಿಂದ ಒಂದೇ ಗುಚ್ಛದಲ್ಲಿ ಕೆಲವು ಕಾಯಿ ಒಣಗಿ ಬಿರಿಯುವಾಗ ಪಕ್ಕದವು ಇನ್ನೂ ಹಸಿರು. ಬೀಜ ಮಾಡುವ ರೈತರು ಕೆಲವು ಕಾಯಿ ಬಿರಿದು ಕಪ್ಪು ಬೀಜ ಇಣುಕುತ್ತಿದ್ದಂತೆ ಗುಚ್ಛವನ್ನೇ ಕತ್ತರಿಸಿ ಒಣಹಾಕುತ್ತಾರೆ. ತಡ ಮಾಡಿದರೆ ಬೀಜ ನೆಲದ ಪಾಲು. ನಮ್ಮಲ್ಲಿ ಕತ್ತರಿಸುವುದಕ್ಕಿಂತ ಮುಂಚೆ ಬಿರಿದವು ನೆಲದ ಪಾಲಾಗಿದ್ದವು. ಈರುಳ್ಳಿ ಬೀಜ ಒಂದು ಗ್ರಾಂಗೆ ಹತ್ತಿರ ಹತ್ತಿರ 250–300 ತೂಗುತ್ತವೆ. ಮೂಲೆಮೂಲೆಯಾದ ಕಪ್ಪು ಚೂರುಗಳು. ಬಹುಕಾಲ ಬಾಳುವ ಬೀಜವೂ ಅಲ್ಲ. ಸಾಮಾನ್ಯ ಗಾಳಿಯಲ್ಲಿ ಇಟ್ಟರೆ ಒಂದೆರಡು ವರ್ಷದಲ್ಲಿ ಮೊಳೆಯುವ ಶಕ್ತಿ ಹೋಗಿಬಿಡುತ್ತದೆ. ಬೇಸಗೆಯ ಸುಡುಮಣ್ಣಿನ ಮೇಲೆ, ಇರುವೆಗಳ ದಾರಿಯಲ್ಲಿ, ಕೋಳಿ ಕೆದರುವ ಜಾಗದಲ್ಲಿ ಬಿದ್ದ ಆ ಚೂರುಗಳು ಮಳೆಯವರೆಗೆ ಹೇಗೆ ಉಳಿದವು ಎಂದು ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕಂಡದ್ದೆಲ್ಲ ಈರುಳ್ಳಿಯೇ ಅಲ್ಲ. ಅದೇ ಮಳೆಗೆ ಗರಿಕೆ ಚಿಗುರುತ್ತದೆ, ಜೇಕು ಏಳುತ್ತದೆ, ಮಳೆಲಿಲ್ಲಿಯ ಗಡ್ಡೆಗಳೂ ಎಚ್ಚರಗೊಳ್ಳುತ್ತವೆ. ಬಿಳಿ ಹೂವಿನ ಮಳೆಲಿಲ್ಲಿಯ ಎಲೆಯಂತೂ ಸಣ್ಣಗೆ, ಹೆಚ್ಚುಕಡಿಮೆ ದುಂಡಗೆ. ಅದರ ಗಡ್ಡೆ ವಿಷ. ಉತ್ತರ ಭಾರತದ ಗೋಧಿ, ಕಡಲೆ ಹೊಲಗಳಲ್ಲಿ ಪಿಯಾಜಿ ಎಂಬ ಕಳೆಯೊಂದಿದೆ. ಎಲೆ ಈರುಳ್ಳಿಯದೇ ತದ್ರೂಪ, ವಾಸನೆ ಮಾತ್ರ ಇಲ್ಲ. ಹಾಗಾಗಿ ಈ ಸಸಿಗಳನ್ನು ಗುರುತಿಸುವುದು ಕಣ್ಣೊಂದರ ಕೆಲಸವಲ್ಲ. ನಮ್ಮಲ್ಲಿಗೆ ಕಳೆ ಕೀಳಲು ಬರುವ ಅಜ್ಜಿಯೊಬ್ಬರು ವರ್ಷಗಟ್ಟಲೆ ಈರುಳ್ಳಿ ಹೊಲಗಳಲ್ಲಿ ಕೂಲಿ ಮಾಡಿದವರು. ಅವರ ಕೈ ಮಾತಿನ ಮಧ್ಯೆಯೂ ನಿಲ್ಲುವುದಿಲ್ಲ. ಹುಲ್ಲು ಬುಟ್ಟಿಗೆ, ಈರುಳ್ಳಿ ಇದ್ದಲ್ಲೇ. ಅಷ್ಟು ಬೇಗ ಹೇಗೆ ತಿಳಿಯುತ್ತದೆ ಅಜ್ಜಿ ಎಂದು ಕೇಳಿದೆ.

“ಕಣ್ಣಿಗೇನು ಗೊತ್ತಾಯ್ತದಮ್ಮಾ, ಬೆರಳಿಗೆ ಗೊತ್ತಾಯ್ತದೆ. ಹುಲ್ಲು ಚಪ್ಪಟೆ, ಜೇಕಿನ ಬುಡ ಮೂರು ಮೂಲೆ. ಇದು ದುಂಡಗೆ, ಒಳಗೆ ಪೊಳ್ಳು. ಅನುಮಾನ ಬಂದ್ರೆ ಒಂಚೂರು ಚಿವುಟಿ ಮೂಗಿಗಿಡು, ಅದೇ ಹೇಳ್ತದೆ.”

ಅದೇ ಹೇಳುತ್ತದೆ, ನಿಜ. ಚಿವುಟುವವರೆಗೆ ಮಾತ್ರ ಹೇಳುವುದಿಲ್ಲ. ಬಾಡದ, ಮುರಿಯದ ಈರುಳ್ಳಿ ಎಲೆಗೆ ಮೂಗಿಟ್ಟು ನೋಡಿ. ಹಸಿಮಣ್ಣಿನ ವಾಸನೆ ಬರಬಹುದು, ಈರುಳ್ಳಿಯದು ಬಹುಮಟ್ಟಿಗೆ ಬರುವುದಿಲ್ಲ. ಏಕೆಂದರೆ ಆ ಘಾಟು ಗಿಡದಲ್ಲಿ ಸಿದ್ಧವಾಗಿ ಇರುವುದೇ ಇಲ್ಲ. ಜೀವಕೋಶದ ಒಂದು ಕಡೆ ವಾಸನೆಯಿಲ್ಲದ ಗಂಧಕದ ಸಂಯುಕ್ತ, ಇನ್ನೊಂದು ಕೋಣೆಯಲ್ಲಿ ಬೇರೆಯಾಗಿ ಇಟ್ಟ ಕಿಣ್ವ. ಉಗುರು ತಾಕಿ ಗೋಡೆ ಒಡೆದ ಕ್ಷಣ ಎರಡೂ ಸೇರಿ, ಆಗ ಮಾತ್ರ ಘಾಟು ಹುಟ್ಟುತ್ತದೆ. ಕಣ್ಣೀರು ತರಿಸುವ ಆವಿಯನ್ನು ಮಾಡಲು ಇನ್ನೊಂದು ಬೇರೆಯದೇ ಕಿಣ್ವವಿದೆ ಎಂದು ಜಪಾನಿನ ವಿಜ್ಞಾನಿಗಳು ಕಂಡುಹಿಡಿದದ್ದು ತೀರ ಈಚೆಗೆ, 2002ರಲ್ಲಿ. ಸಾವಿರಾರು ವರ್ಷ ಈರುಳ್ಳಿ ಹೆಚ್ಚಿ ಅತ್ತ ಮನುಷ್ಯನಿಗೆ ತಾನು ಅಳುವ ಕಾರಣ ಪೂರ್ತಿ ತಿಳಿಯಲು ಇಪ್ಪತ್ತೊಂದನೆಯ ಶತಮಾನ ಬರಬೇಕಾಯಿತು. ಮಣ್ಣಿನಿಂದ ಎದ್ದು ಎರಡು ವಾರವೂ ಆಗದ ಸಸಿಯ ತುದಿಯನ್ನು ಚಿವುಟಿದರೂ ಅದೇ ಘಾಟು, ಒಗ್ಗರಣೆಗೆ ಹೆಚ್ಚುವಾಗ ಏಳುವಂಥದ್ದೇ. ಅಷ್ಟು ಎಳೆಯದರಲ್ಲಿ ಆ ಎರಡು ಕೋಣೆ, ನಡುವಿನ ಗೋಡೆ ಎಲ್ಲವೂ ಆಗಲೇ ಕಟ್ಟಿ ಮುಗಿದಿವೆ.

ಸಸಿ ಇನ್ನೂ ಸ್ವಲ್ಪ ಬೆಳೆದ ಮೇಲೆ ಅದನ್ನು ಬಿಡಿಸಿ ನೋಡುವುದು ಒಳ್ಳೆಯದು. ಒಂದನ್ನಾದರೂ ಹಾಗೆ ನೋಡಲೇಬೇಕು. ನಾವು ದಂಟು ಎಂದುಕೊಂಡ ಬಿಳಿ ಕತ್ತು ದಂಟೇ ಅಲ್ಲ, ಒಂದರೊಳಗೊಂದು ಹೊಕ್ಕ ಎಲೆಗಳ ಬುಡ. ನಿಜವಾದ ಕಾಂಡ ಬೇರಿನ ಮೇಲೆ ಕೂತ, ಉಗುರಿಗಿಂತ ತೆಳುವಾದ ಒಂದು ಬಿಲ್ಲೆ. ಎಲ್ಲ ಎಲೆಗಳೂ ಅದರಿಂದಲೇ ಏಳಬೇಕು. ಹೊಸ ಎಲೆ ಹಳೆಯ ಎಲೆಯ ಪಕ್ಕದಲ್ಲಿ ಬರುವುದಿಲ್ಲ, ಅದರ ಒಳಗಿಂದ ಬರುತ್ತದೆ. ಹಳೆಯದು ತನ್ನ ಮೈಯಲ್ಲಿ ಒಂದು ಸಣ್ಣ ಕಿಂಡಿ ಬಿಟ್ಟಿರುತ್ತದೆ. ಹೊಸದು ಆ ಕಿಂಡಿಯಿಂದ ತೂರಿ ಬೆಳಕಿಗೆ ಬರುತ್ತದೆ. ಮೊದಲ ದಿನ ಕಮಾನಾಗಿ ಬಂದ ಎಳೆಯೆಲೆಯ ಬುಡದಲ್ಲೂ ಆ ಕಿಂಡಿ ಇದೆ. ಮುಂದೆ ಗಡ್ಡೆಯಾಗಿ ಕೈಗೆ ಸಿಗುವುದು ಈ ಎಲೆಬುಡಗಳೇ ಊದಿಕೊಂಡದ್ದು. ಹೊರಗಿನವು ಒಣಗಿ ಕಾಗದದಂಥ ಸಿಪ್ಪೆಯಾಗುತ್ತವೆ, ಒಳಗಿನವು ರಸ ತುಂಬಿಕೊಳ್ಳುತ್ತವೆ. ಅಡುಗೆಮನೆಯಲ್ಲಿ ಬಳೆಬಳೆಯಾಗಿ ಬಿಡಿಸಿಕೊಳ್ಳುವ ಹಲವು ಸುತ್ತುಗಳು ಒಂದು ಕಾಲಕ್ಕೆ ಮಳೆಯಲ್ಲಿ ನೆನೆದು ಬಿಸಿಲಲ್ಲಿ ನಿಂತಿದ್ದ ಎಲೆಗಳ ಕಾಲು.

ತಾನಾಗಿ ಹುಟ್ಟಿದ ಈ ಸಸಿಗಳ ಮುಂದೆ ಕೂತಾಗ ನನ್ನನ್ನು ಬಿಡದೆ ಹಿಡಿಯುವ ಸಂಗತಿ ಇನ್ನೊಂದು. ಈರುಳ್ಳಿ ಇಂದು ಲೋಕದ ಯಾವ ಕಾಡಿನಲ್ಲೂ ಕಾಡುಗಿಡವಾಗಿ ಸಿಗುವುದಿಲ್ಲ. ಅದರ ಮೂಲ ಮಧ್ಯ ಏಷ್ಯಾದ ಸುತ್ತಮುತ್ತ ಎಂಬುದು ಪಂಡಿತರ ಅಂದಾಜು. ತೀರ ಹತ್ತಿರದ ಕಾಡುಬಂಧು ತುರ್ಕ್‌ಮೆನಿಸ್ತಾನ ಮತ್ತು ಇರಾನಿನ ನಡುವಿನ ಕೊಪೆತ್ ದಾಗ್ ಬೆಟ್ಟಗಳ ಕಡೆ ಇದೆ. ಬೆಳೆಗಳ ತವರು ಹುಡುಕುತ್ತ ಲೋಕ ಸುತ್ತಿದ ರಷ್ಯಾದ ನಿಕೊಲಾಯ್ ವವಿಲೋವ್ ಅವರ ಹೆಸರನ್ನು ಆ ಗಿಡಕ್ಕೆ ಇಟ್ಟಿದ್ದಾರೆ. ಹಸಿವಿಲ್ಲದ ಜಗತ್ತಿಗಾಗಿ ಬೀಜ ಕೂಡಿಹಾಕಿದ ಅವರು 1943ರಲ್ಲಿ ಸರಾತೋವ್ ಸೆರೆಮನೆಯಲ್ಲಿ ಅನ್ನವಿಲ್ಲದೆ ಸೊರಗಿ ಸತ್ತರು. ಅವರ ಹೆಸರಿನ ಗಿಡ ಬೆಟ್ಟದಲ್ಲಿದೆ. ನಮ್ಮ ಈರುಳ್ಳಿ ಮಾತ್ರ ಬೆಟ್ಟ ಬಿಟ್ಟು ಬಂದದ್ದು ವಾಪಸ್ಸು ಹೋಗಲಿಲ್ಲ. ಈಜಿಪ್ಟಿನ ದೊರೆ ನಾಲ್ಕನೆಯ ರಾಮೆಸೆಸನ ಹೆಣವನ್ನು ಕೆಡದಂತೆ ಇಡುವಾಗ ಕಣ್ಣಿನ ಗುಳಿಗಳಲ್ಲಿ ಈರುಳ್ಳಿ ಇಟ್ಟಿದ್ದರು. ಮೂರು ಸಾವಿರ ವರ್ಷದ ಹಿಂದೆಯೇ ಅಷ್ಟು ಹತ್ತಿರದ ಒಡನಾಟ. ಅದಕ್ಕೂ ಮೊದಲಿನಿಂದ ಇಂದಿನವರೆಗೆ ಯಾರೋ ಒಬ್ಬರು ಬೀಜ ಆರಿಸಿ, ಒಣಗಿಸಿ, ಮಡಿ ಮಾಡಿ, ಬಿತ್ತಿ, ಕಳೆ ತೆಗೆದು ಅದನ್ನು ಉಳಿಸಿದ್ದಾರೆ. ಕಳೆಯ ಮುಂದೆ ಈರುಳ್ಳಿಗೆ ಶಕ್ತಿ ಕಡಿಮೆ. ಅದರ ಸಣ್ಣ ಎಲೆ ನೆಲಕ್ಕೆ ನೆರಳು ಮಾಡುವುದಿಲ್ಲ, ನೆರಳಿಲ್ಲದ ಕಡೆ ಹುಲ್ಲು ನುಗ್ಗುತ್ತದೆ. ಬೇರೋ, ಆಳಕ್ಕೆ ಇಳಿಯದು, ಹೆಚ್ಚು ಕವಲೊಡೆಯದು. ಮಣ್ಣಿನ ಶಿಲೀಂಧ್ರಗಳ ನೆರವು ಅದಕ್ಕೆ ಬಹಳ ಬೇಕು. ಇಷ್ಟು ಪರಾಧೀನವಾದ ಗಿಡ ಯಾರೂ ಕರೆಯದೆ, ಯಾರೂ ಮಡಿ ಮಾಡದೆ, ಕಾಲುವೆಯ ಏರಿಯ ಮೇಲೆ ಎದ್ದು ನಿಂತಿದೆ. ಸಾವಿರಾರು ವರ್ಷ ಮನುಷ್ಯನ ಕೈಯಲ್ಲೇ ಮೊಳೆತರೂ, ಕೈ ಇಲ್ಲದೆ ಮೊಳೆಯುವುದನ್ನು ಅದು ಮರೆತಿಲ್ಲ.

ಮೊಳೆತ ಮೇಲೆ ಬಾಳಬೇಕಾದರೆ ಮಾತ್ರ ಅದನ್ನು ಯಾರಾದರೂ ಕಾಣಬೇಕು. ಹಾಗೆ ಕಂಡವರ ಕಥೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಕ್ಯಾಲಿಫೋರ್ನಿಯಾದ ಡೇವಿಸ್‌ನದು. 1925ರಲ್ಲಿ ಹೆನ್ರಿ ಜೋನ್ಸ್ ಎಂಬ ತಳಿವಿಜ್ಞಾನಿ ಇಟಾಲಿಯನ್ ರೆಡ್ ತಳಿಯ ಈರುಳ್ಳಿಗಳ ನಡುವೆ ಬೀಜ ಕಟ್ಟದ ಒಂದು ಗಿಡವನ್ನು ಕಂಡರು. ಅದರ ಹೂವಿನಲ್ಲಿ ಫಲ ಕೊಡುವ ಪರಾಗವೇ ಇರಲಿಲ್ಲ. ಬೀಜದ ದೃಷ್ಟಿಯಿಂದ ಕೆಲಸಕ್ಕೆ ಬಾರದ ಗಿಡ. ಆದರೆ ಹೂಗುಚ್ಛದಲ್ಲಿ ಬೀಜದ ಬದಲು ಪುಟ್ಟ ಮರಿಗಡ್ಡೆಗಳು ಕೂತಿದ್ದವು. ಜೋನ್ಸ್ ಅವನ್ನು ಬಿಡಿಸಿ ನೆಟ್ಟರು. ಆ ಒಂದು ಗಿಡದ ಸಂತಾನದಿಂದಲೇ ಹೈಬ್ರಿಡ್ ಈರುಳ್ಳಿಯ ಕಾಲ ಶುರುವಾಯಿತು. ಪರಾಗವಿಲ್ಲದ ತಾಯಿ ಇದ್ದರೆ ಬೇಕಾದ ತಂದೆಯ ಪರಾಗವನ್ನಷ್ಟೇ ತಾಕಿಸಬಹುದಲ್ಲ. ಹೈಬ್ರಿಡ್ ಬೀಜದ ಬಗ್ಗೆ, ಪ್ರತಿವರ್ಷ ಅಂಗಡಿಗೆ ಹೋಗಬೇಕಾದ ರೈತನ ಬಗ್ಗೆ ನನಗೆ ಬೇರೆ ಮಾತುಗಳಿವೆ. ಇಲ್ಲಿ ನನ್ನನ್ನು ತಟ್ಟುವುದು ಆ ನೋಟ. ಸಾಲಿನಲ್ಲಿ ನೂರಾರು ಗಿಡ, ಅದರಲ್ಲಿ ಒಂದು ಬೇರೆ. ಅದರ ಮುಂದೆ ಒಬ್ಬರು ನಿಂತರು. ಆ ಹೊತ್ತು ಅವರು ಬೇರೆ ಕಡೆ ನೋಡಿದ್ದರೆ ಗಿಡ ಅಲ್ಲೇ ಒಣಗುತ್ತಿತ್ತು. ನಮ್ಮ ಕಳೆ ಕೀಳುವ ಅಜ್ಜಿಯ ಬೆರಳಿಗೂ ಡೇವಿಸ್‌ನ ಆ ಕಣ್ಣಿಗೂ ನಾನು ಒಂದೇ ಗೌರವ ಕೊಡುತ್ತೇನೆ.

ಕಿತ್ತು ನಾಟಿ ಮಾಡುವ ಕೆಲಸ ಆರಿದ್ರಾ ಮಳೆ ಕಳೆದು, ಸಸಿಗಳು ಗೇಣುದ್ದವಾದ ಮೇಲೆ. ಮುಗಿಲು ಮುಚ್ಚಿದ ಸಂಜೆ ಒಳ್ಳೆಯದು. ಹಿಂದಿನ ದಿನ ನೀರುಣಿಸಿ ನೆಲ ಮೆತ್ತಗಿರಬೇಕು, ಇಲ್ಲದಿದ್ದರೆ ಕತ್ತು ಮುರಿದು ಎಲೆ ಕೈಗೆ ಬರುತ್ತದೆ. ಬಿದಿರಿನ ಕಡ್ಡಿಯನ್ನು ಪಕ್ಕದಲ್ಲಿ ಓರೆಯಾಗಿ ತೂರಿಸಿ ಮೀಟಿದರೆ ಬೇರಿನ ಸಮೇತ ಏಳುತ್ತದೆ. ಬೇರು ಬಿಳಿ ದಾರಗಳ ಒಂದು ಸಣ್ಣ ಕಟ್ಟು, ತಾಯಿಬೇರು ಎಂಬುದು ಇಲ್ಲ. ಮೊದಲ ಬೇರು ಬೇಗ ಸವೆದು ಹೋಗಿ ಬಿಲ್ಲೆಯ ಅಂಚಿನಿಂದ ಹೊಸಹೊಸವು ಬರುತ್ತಲೇ ಇರುತ್ತವೆ. ಈರುಳ್ಳಿ ಜಾಗ ಬದಲಿಸಿದರೂ ತಡೆದುಕೊಳ್ಳುವುದು ಈ ಕಾರಣಕ್ಕೇ. ಕೆಲವು ಬೇರು ಹರಿದರೂ ಬಿಲ್ಲೆ ಉಳಿದರೆ ಸಾಕು. ಎಲೆಯ ತುದಿಯನ್ನು ಮೂರನೆಯ ಒಂದು ಭಾಗ ಕತ್ತರಿಸಿ ನೆಡುವ ರೂಢಿ ನಮ್ಮ ಕಡೆ ಇದೆ. ಮಳೆಗಾಲವಾದ್ದರಿಂದ ಪಾತಿ ಎತ್ತರಕ್ಕಿರಬೇಕು, ನೀರು ನಿಂತರೆ ಬುಡ ಕೊಳೆಯುತ್ತದೆ. ಸಾಲಿನಿಂದ ಸಾಲಿಗೆ 15 ಸೆಂಟಿಮೀಟರ್, ಸಸಿಯಿಂದ ಸಸಿಗೆ 10. ಬೇರು ಮುಚ್ಚಿ, ಬಿಳಿ ಕತ್ತು ತುಸು ಮಣ್ಣಿಗಿಳಿದರೆ ಸಾಕು. ಆಳಕ್ಕೆ ಹೂತರೆ ಗಡ್ಡೆ ಹಿಗ್ಗಲು ಜಾಗವಿರದು. ಮರುದಿನ ಎಲ್ಲವೂ ನೆಲಕ್ಕೆ ಒರಗಿರುತ್ತವೆ. ಒಂದೆರಡು ದಿನ ಹಾಗೇ. ಆಮೇಲೆ ಹೊರಗಿನ ಎಲೆಗಳು ಏಳದಿದ್ದರೂ ನಡುವಿನ ಕಿಂಡಿಯಿಂದ ಒಂದು ಹೊಸ ಮೊನೆ ನೆಟ್ಟಗೆ ಏಳುತ್ತದೆ. ಅದು ಕಂಡರೆ ಬೇರು ಹಿಡಿದಂತೆ.

ಇನ್ನು ಗಡ್ಡೆ ಯಾವಾಗ ಕಟ್ಟಬೇಕೆಂದು ಅದಕ್ಕೆ ಯಾರೂ ಹೇಳಬೇಕಾಗಿಲ್ಲ. ಎಲೆಗಳು ಹಗಲಿನ ಉದ್ದವನ್ನು ಅಳೆಯುತ್ತವೆ. ಯೂರೋಪಿನ ತಳಿಗಳಿಗೆ 14–16 ಗಂಟೆ ಹಗಲು ಬೇಕು. ಅವನ್ನು ಇಲ್ಲಿ ನೆಟ್ಟರೆ ಸೊಪ್ಪು ಬಿಟ್ಟುಕೊಂಡು ನಿಂತಾವೇ ಹೊರತು ಗಡ್ಡೆ ಕಟ್ಟಲಾರವು, ಏಕೆಂದರೆ ನಮ್ಮಲ್ಲಿ ತೀರ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ನಮ್ಮ ತಳಿಗಳಿಗೆ 11–12 ಗಂಟೆಯೇ ಸಾಕು. ಹೂ ಬಿಡಲು ಒಂದು ಜೀನ್, ಗಡ್ಡೆ ಕಟ್ಟಿಸಲು ಒಂದು, ಸಮಯ ಬರುವವರೆಗೆ ಗಡ್ಡೆಯನ್ನು ತಡೆಹಿಡಿಯಲು ಇನ್ನೊಂದು ಎಂದು ನ್ಯೂಜಿಲೆಂಡಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಮೂರೂ ಒಂದೇ ಮನೆತನದ ಜೀನ್‌ಗಳು. ಪಿಯುಸಿ ಲ್ಯಾಬಿನಲ್ಲಿ ಈರುಳ್ಳಿ ಬೇರಿನ ತುದಿಗೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ವರ್ಣತಂತುಗಳು ಬೇರೆಬೇರೆಯಾಗುವುದನ್ನು ನೋಡಿದವರು ಬಹಳ ಜನ. ಅಲ್ಲಿ ಕಂಡದ್ದು 16 ತುಂಡು ದಾರ. ಆ ದಾರಗಳಲ್ಲಿ ಅಡಗಿದ ಡಿಎನ್ಎ ಬರಹ ಮನುಷ್ಯನದಕ್ಕಿಂತ ಹೆಚ್ಚುಕಡಿಮೆ ಐದು ಪಟ್ಟು ಉದ್ದ. ಅದರಲ್ಲಿ ಬಹುಪಾಲಿಗೆ ಕೆಲಸವಿದೆ ಎನ್ನುವವರು ಈರುಳ್ಳಿಗೆ ಅಷ್ಟು ಯಾಕೆ ಬೇಕಾಯಿತು ಹೇಳಿ ಎಂದು ಕೆನಡಾದ ರಯಾನ್ ಗ್ರೆಗರಿ 2007ರಲ್ಲಿ ಕೇಳಿದರು. ಆ ಪ್ರಶ್ನೆ ಈರುಳ್ಳಿ ಪರೀಕ್ಷೆ ಎಂದೇ ಹೆಸರಾಯಿತು. ನನಗೆ ಅದಕ್ಕಿಂತ ಹತ್ತಿರದ ಕುತೂಹಲವೊಂದಿದೆ. ಪರಸ್ಪರ ಪರಾಗ ಬೆರೆತ ಬೀಜಗಳಾದ್ದರಿಂದ ಈ ಪಾತಿಯ ಯಾವ ಸಸಿಯೂ ತಾಯಿಯ ಪಡಿಯಚ್ಚಲ್ಲ. ಒಂದು ಇನ್ನೊಂದರಂತೆಯೂ ಇಲ್ಲ. ಆಗಲೇ ಒಂದರ ಕತ್ತು ಕೆಂಪಗೆ, ಪಕ್ಕದ್ದು ಬರಿ ಬಿಳಿ. ಒಂದಕ್ಕೆ ಎಲೆಯ ಮೇಲೆ ಬೂದು ಮೇಣ ಎಷ್ಟು ದಪ್ಪವೆಂದರೆ ಮಳೆಯ ಹನಿ ನಿಲ್ಲದೆ ಜಾರುತ್ತದೆ. ಅದರಲ್ಲಿ ನುಸಿ ಹುಳುವೂ ಕಡಿಮೆ ಕಾಣುತ್ತಿದೆ.

ಕೆಲವನ್ನು ಹುಟ್ಟಿದಲ್ಲೇ ಬಿಟ್ಟಿದ್ದೇನೆ, ಕಾಲುವೆ ಏರಿಯ ಮೇಲಿನವನ್ನು ಮುಖ್ಯವಾಗಿ. ಸುತ್ತಲಿನ ಹುಲ್ಲು ತೆಗೆದು, ತಿಳಿಯದೆ ಯಾರೂ ತುಳಿಯದಿರಲೆಂದು ಕಡ್ಡಿ ಚುಚ್ಚಿದ್ದಾಗಿದೆ. ಕಿತ್ತು ನೆಟ್ಟವು, ನೆಲೆಯಲ್ಲೇ ಬೆಳೆದವು ಎರಡರಲ್ಲಿ ಯಾವುದರ ಕತ್ತು ಮೊದಲು ಮೆತ್ತಗಾಗಿ ಬಾಗುತ್ತದೆ ಎಂದು ದೀಪಾವಳಿಯ ಹೊತ್ತಿಗೆ ತಿಳಿದೀತು. ಮೇಣದೆಲೆಯ ಆ ಗಿಡ ಗಡ್ಡೆ ಕಟ್ಟಿದರೆ ಅಡುಗೆಗೆ ಕೊಡುವುದಿಲ್ಲ. ನೆರಳಲ್ಲಿ ಒಣಗಿಸಿ, ಮೊಳಕೆ ಕಂಡಾಗ ಹೂ ಬಿಡಲು ಮತ್ತೆ ನೆಲಕ್ಕೆ ಇಳಿಸಬೇಕು. ಒಂಟಿಯಾಗಿ ನೆಟ್ಟರೆ ಬೀಜ ಸರಿಯಾಗಿ ಕಟ್ಟದು ಎಂದು ಅಜ್ಜಿ ತಮ್ಮ ಮನೆಯ ನಾಲ್ಕು ಗಡ್ಡೆ ತಂದುಕೊಡುತ್ತೇನೆ ಎಂದಿದ್ದಾರೆ.